ನಾಕು ಬೆರಳು

ಹೆಗ್ಗೇರಿಗೆ ಆ ವರ್ಷ ನೀರು ಬಂದಿತ್ತು,
ಎಲ್ಲಾ ಕಡೆ ಅಲ್ಲ.

ಮೌನೇಶ ಬಡಿಗೇರ, ನನ್ನ ಬಾಜೂ ಅಂಗಡಿಯಾಂವ,
ಕಾರವಾರದಾಗ ಹನ್ನೊಂದು ವರ್ಷ ದೋಣಿಗೆ ರಂದಾ ಹೊಡದು
ಹಾವೇರಿಗೆ ಹೊಳ್ಳಿ ಬಂದು ಬಾಗಲಾ ಮಾಡತಿದ್ದ.
ಬಾಗಲಾ, ಚೌಕಟ್ಟು, ದೇವರ ಮಂಟಪ, ಮತ್ತ ಬಾಗಲಾ.
ಒಂದಿನ ಸಾಗವಾನಿ ಹಲಗಿಗೆ ಕುದಿನೀರು ಹೊಯ್ದು
ಬಗ್ಗಸಾಕ ಹತ್ತಿದ.
'ಇದ್ಯಾರ ಮನಿಗೆ?' ಅಂದೆ.
'ಮನಿಗಲ್ಲ.'

ಹಾಯಿ ಹೊಲದಾಕಿ ನಾನು.
ರಿಪೇರಿಗೆ ಕೊಟ್ಟು ಒಯ್ಯಾಕ ಬಾರದವರ
ಇಪ್ಪತ್ತಾರು ಛತ್ರಿಗಳ ಕರೇ ಬಟ್ಟಿ ಬಿಚ್ಚಿ
ಪಾಕಳಿಗೆ ಪಾಕಳಿ ಕೂಡಿಸಿ, ಎರಡೆರಡು ಹೊಲಿಗಿ ಹಾಕಿ.
ಒಂದರ ಅಂಚಿನ್ಯಾಗ ಬಿಳೇ ದಾರದ ಅಕ್ಷರ: 'ಶಾಂತವ್ವ'.
ಅದನ್ನ ಬಿಚ್ಚಲಿಲ್ಲ.
'ಮಳಿ ತಡದ ಬಟ್ಟಿ ಗಾಳಿ ತಡದೀತೇನು?'
'ತಡೀಬಾರದು,' ಅಂದ, 'ತುಂಬಿಕೋಬೇಕು.'

ದೋಣಿ ಹೊಟ್ಟಿ ಕೆಳಗ ಒಂದು ಕಬ್ಬಿಣದ ರೆಕ್ಕಿ,
ಗುಜರಿಯಾಗ ತೂಕಕ್ಕ ತಂದ ಹಾಳಿ, ಎರಡು ಮೊಳ.
'ಇದಿಲ್ಲಂದ್ರ ಗಾಳಿ ನೂಕಿದಲ್ಲೆ ಹೋಗತೀವಿ, ಹೊಟ್ಟಿನಂಗ.
ಇದಿದ್ರ ಗಾಳಿಗೆ ಎದುರೂ ಹೋಗಬಹುದು,
ಸೊಟ್ಟಸೊಟ್ಟ.'

ರವಿವಾರ ಮುಂಜಾನೆ ಹೊಂಟ್ವಿ.
ಇಪ್ಪತ್ತಾರು ಮಳಿಗಾಲ ಒಮ್ಮೆಲೆ ಉಸರು ಎಳಕೊಂಡಂಗ
ಹಾಯಿ ಉಬ್ಬಿತು.
ದಂಡಿ ಸಣ್ಣದಾತು. ಅರಿವಿ ಒಗಿಯೋರ ಮಾತು
ಬರೇ ಸಪ್ಪಳಾತು. ಮೌನೇಶನ ಮಾರಿ
ಬಾಗಲಾ ಮಾಡೋ ಮಾರಿ ಆಗಿರಲಿಲ್ಲ.

ಆಮ್ಯಾಲೆ ನಿಂತಿವಿ.
ಬಡದ ಸಪ್ಪಳಿಲ್ಲ, ಮುರದ ಸಪ್ಪಳಿಲ್ಲ.
ನಾದಿದ ಹಿಟ್ಟಿನ್ಯಾಗ ಬೆರಳು ಇಳದಂಗ, ಅಷ್ಟ.
ಗಾಳಿ ಇತ್ತು, ಹಾಯಿ ತುಂಬಿತ್ತು,
ನೀರು ಎರಡೂ ಬಾಜೂ ಹಾದು ಹೋಗತಿತ್ತು.
ಹತ್ತು ಮಾರು ಮುಂದ ಒಂದು ಬೆಳ್ಳಕ್ಕಿ ನಿಂತಿತ್ತು.
ಅದರ ಮೊಣಕಾಲು ಒಣಗಿತ್ತು.

'ಇಳದು ನೂಕ್ರೀ!'
'ಇಳೀಬ್ಯಾಡ್ರೀ, ಹೂಳು ಐತಿ, ತೊಡಿಮಟ ನುಂಗತೈತಿ!'
'ಫೈರ್ ಬ್ರಿಗೇಡಿಗೆ ಫೋನ್ ಹಚ್ರೀ!'
ಎಮ್ಮಿ ಮ್ಯಾಲೆ ಕುಂತ ಹುಡುಗೊಬ್ಬ
ನಮ್ಮನ್ನ ದಾಟಿ ಹೋದ, ಹೊಳ್ಳಿ ನೋಡಲಿಲ್ಲ.
ಎಮ್ಮಿ ನೋಡಿತು.

'ಕಾರವಾರದಾಗ ಆದ್ರ,' ಅಂದ ಮೌನೇಶ, ನನ್ನ ಕಡೆ ನೋಡದ,
'ಆರು ತಾಸು ಕುಂತ್ರ ಭರತಿ ಬಂದು ಎತ್ತತೈತಿ.'
'ಇಲ್ಲೆ?'
'ಇಲ್ಲೆ...'
'ಇಲ್ಲೆ ಮುಂದಿನ ಜೂನ್,' ನಾನ ಅಂದೆ.

ನಕ್ಕ. ಆರು ವರ್ಷದಾಗ
ನಡಕಿನ ಗ್ವಾಡಿ ಆಚೆಯಿಂದ ಅವನ ಸುತ್ತಿಗಿ ಕೇಳಿದ್ದೆ,
ಕೆಮ್ಮು ಕೇಳಿದ್ದೆ.
ಇದನ್ನ ಕೇಳಿರಲಿಲ್ಲ.

'ಈ ಅಂಚಿಗೆ ಕೂಡು.' ಕುಂತೆ.
'ಇನ್ನಷ್ಟು ಹೊರಗ.'
ಸೀರಿ ನೀರಿಗೆ ಹತ್ತಿತು.
ಅವನೂ ಬಂದು ಬಾಜೂ ಕುಂತ. ಒಂದ ಹಲಗಿ,
ಇಬ್ಬರ ಭಾರ.
ದೋಣಿ ವಾಲಿತು, ಮತ್ತ ವಾಲಿತು,
ಶಾಂತವ್ವನ ಹೆಸರು ನೀರು ಮುಟ್ಟೂ ಮಟ ವಾಲಿತು.
ಕೆಳಗ ಆ ಕಬ್ಬಿಣದ ಹಟ
ಮಗ್ಗಲಾಗಿ, ಕೆಸರಿನಿಂದ ಮೆಲ್ಲಕ ಎದ್ದಿತು.

ಹೊಂಟ್ವಿ. ದಂಡ್ಯಾಗ ಯಾರೂ ಚಪ್ಪಾಳಿ ಹೊಡೀಲಿಲ್ಲ,
ಎಲ್ಲಾರೂ ಚಾಕ್ಕ ಹೋಗಿದ್ರು.
ನೆಟ್ಟಗ ಕೂಡು ಅಂತ ಅಂವ ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಮರುದಿನ ಅಂಗಡಿ ಗ್ವಾಡಿಗೆ ಆ ರೆಕ್ಕಿ ಒರಗಿಸಿಟ್ಟಿದ್ದ.
ತುದಿಗೆ ಹೂಳು ಒಣಗಿ ಬೆಳ್ಳಗ ಒಂದು ಗೆರಿ,
ನಾಕು ಬೆರಳು.
ಕಿವಿ ಮ್ಯಾಲಿನ ಪೆನ್ಸಿಲ್ ತಗದು ಗುರುತು ಹಾಕಿದ.
'ಅಷ್ಟು ಕೊಯ್ದು ತಗೀತೀಯೇನು?' ಅಂದೆ.
'ಇಲ್ಲ,' ಅಂದ.
'ಕೆರಿಗೆ ಇಷ್ಟು ನೀರು ಕಡಿಮಿ ಐತಿ.'